ಅತ್ತೆಯವರ ಬಾಯಲ್ಲಿದ್ದ ಕೋಟಿ

ನಮ್ಮ ಭಾವ ಹಲ್ಲು ಕಟ್ಟುವವರು. ಹಲ್ಲಿನ ಡಾಕ್ಟರಲ್ಲ, ಡಾಕ್ಟರು ಕಿತ್ತ ಮೇಲೆ ಬರಿದಾದ ಬಾಯಿಗೆ ಸೆಟ್ಟು ಮಾಡಿಕೊಡುವವರು. ಈ ವ್ಯತ್ಯಾಸವನ್ನು ಅವರು ಹೊಸಬರಿಗೆ ಮೊದಲ ಭೇಟಿಯಲ್ಲೇ ಮನವರಿಕೆ ಮಾಡಿಕೊಡುತ್ತಾರೆ. "ಡಾಕ್ಟರು ಕೀಳೋರು, ನಾವು ಕಟ್ಟೋರು. ಯಾರು ದೊಡ್ಡೋರು ಅಂತ ನೀವೇ ಹೇಳಿ" ಎನ್ನುತ್ತಾರೆ. ಹೇಳಬೇಕಾದವರ ಬಾಯಲ್ಲಿ ಆ ಹೊತ್ತಿಗೆ ಅಳತೆ ತೆಗೆಯುವ ಗುಲಾಬಿ ಬಣ್ಣದ ಹಿಟ್ಟು ಗಟ್ಟಿಯಾಗುತ್ತಿರುತ್ತದೆ. ಆದ್ದರಿಂದ ಇದುವರೆಗೆ ಭಾವನ ಮಾತಿಗೆ ಯಾರೂ ಎದುರಾಡಿಲ್ಲ.

ನಾನು ಅವರ ಹೆಂಡತಿಯ ತಮ್ಮ. ಭಾವ ಕಟ್ಟಿದ ಹಲ್ಲುಗಳನ್ನು ಸ್ಕೂಟರಿನಲ್ಲಿ ಕ್ಲಿನಿಕ್ಕುಗಳಿಗೆ ತಲುಪಿಸುವುದು ನನ್ನ ಉದ್ಯೋಗ. ಬ್ರೇಕು ಹಾಕಿದಾಗಲೆಲ್ಲ ಹಿಂದಿನ ಪೆಟ್ಟಿಗೆಯಲ್ಲಿ ಹತ್ತಾರು ಜನರ ಹಲ್ಲು ಒಟ್ಟಿಗೆ ಕಟಕಟ ಎನ್ನುತ್ತದೆ. ಮೊದಮೊದಲು ಹೆದರುತ್ತಿದ್ದೆ, ಈಗ ಜೊತೆಗೆ ಯಾರೋ ಇದ್ದಾರೆ ಅನಿಸುತ್ತದೆ. ನಮ್ಮ ಕಟ್ಟಡದ ತಳದಲ್ಲಿ ಭಾವನ ಕಾರ್ಖಾನೆ, ಮೂರನೇ ಮಹಡಿಯಲ್ಲಿ ನಮ್ಮ ವಾಸ. ಮನೆಯಲ್ಲಿ ಭಾವ, ಅಕ್ಕ, ನಾನು ಮತ್ತು ನಮ್ಮಮ್ಮ.

ಅಮ್ಮ ಹೆಡ್‌ಮಿಸ್ಟ್ರೆಸ್ ಆಗಿದ್ದು ನಿವೃತ್ತರಾದವರು. ನಿವೃತ್ತಿ ಶಾಲೆಯಿಂದ ಮಾತ್ರ. ಇಂದಿಗೂ ಗ್ಯಾಸ್ ಸಿಲಿಂಡರ್ ತರುವವನು ನಮ್ಮ ಬಾಗಿಲು ತಟ್ಟುವ ಮುಂಚೆ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಾನೆ. ಭಾವ ಮದುವೆಯಾದಾಗಿನಿಂದ ಅಮ್ಮನ ಎದುರು ಪೂರ್ತಿ ಒಂದು ವಾಕ್ಯ ಮುಗಿಸಿದ್ದನ್ನು ನಾನು ಕಂಡಿಲ್ಲ. ಅರ್ಧಕ್ಕೇ ಅಮ್ಮ ತಿದ್ದಿ, ಉಳಿದರ್ಧವನ್ನು ತಾವೇ ಹೇಳಿಬಿಡುತ್ತಾರೆ.

ಇಂಥ ಅಮ್ಮನ ಬಾಯಲ್ಲಿರುವ ಹಲ್ಲುಗಳೆಲ್ಲ ಸ್ವಂತದವು. ಇದು ನಮ್ಮ ಮನೆಯ ಸಂವಿಧಾನದ ಮೊದಲನೇ ವಿಧಿ. "ನಮ್ಮ ವಂಶದಲ್ಲಿ ಹಲ್ಲು ಬಿದ್ದೋರು ಅಂತ ಯಾರೂ ಇಲ್ಲ" ಎಂದು ಅಮ್ಮ ಪಕ್ಕದ ಮನೆಯವರಿಗೆ ಹೇಳುವಾಗ ನಾವು ಮೂವರೂ ಗಂಭೀರವಾಗಿ ತಲೆಯಾಡಿಸುತ್ತೇವೆ.

ನಿಜ ಬೇರೆಯೇ ಇದೆ. ಎಷ್ಟೋ ವರ್ಷಗಳ ಹಿಂದೆ ಅಮ್ಮ ಗಂಟಲು ಕೆಟ್ಟಿದೆಯೆಂದು ಹೇಳಿ ಮಾತು ನಿಲ್ಲಿಸಿದರು. ಬಾಯಿಗೆ ಕರವಸ್ತ್ರ ಒತ್ತಿಕೊಂಡು ಓಡಾಡಿದರು, ಗಂಜಿ ಮಾತ್ರ ಕುಡಿದರು. ಅಮ್ಮನ ಬಾಯಲ್ಲಿ ಹಲ್ಲೇ ಉಳಿದಿಲ್ಲವೆಂದು ಅಕ್ಕ ಗುಟ್ಟಾಗಿ ಗಂಡನ ಕಿವಿಯಲ್ಲಿ ಊದಿದಳು. ಭಾವನಿಗೆ ಅತ್ತೆಯ ಸೇವೆ ಮಾಡಲು ಸಿಕ್ಕ ಮೊದಲ ಅವಕಾಶ ಅದು. ಆದರೆ ಅಳತೆ? ಅಮ್ಮನಿಗೆ "ಬಾಯಿ ತೆಗೀರಿ" ಎನ್ನುವ ಗಂಡಸು ಇನ್ನೂ ಹುಟ್ಟಿಲ್ಲ. ಭಾವ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, "ನಿನ್ನ ದವಡೆ ನಿಮ್ಮಮ್ಮನದೇ ಕಣಯ್ಯ" ಎಂದು ನನ್ನ ಬಾಯಿಗೆ ಹಿಟ್ಟು ತುರುಕಿದರು. ನನ್ನ ಅಳತೆಗೆ ಒಂದು ಸೆಟ್ಟು ಕಟ್ಟಿ, ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಅಮ್ಮನ ಮೇಜಿನ ಮೇಲೆ ಸದ್ದಿಲ್ಲದೆ ಇಟ್ಟು ಬಂದರು.

ಒಂದು ವಾರ ಕಳೆದ ಮೇಲೆ ಅಮ್ಮ ಕೋಣೆಯಿಂದ ಹೊರಬಂದು ಹಾಲಿನವನನ್ನು ಗದರಿಸಿದರು. ಬಾಯಿ ತುಂಬ ಹಲ್ಲು! ಯಾರೂ ಏನೂ ಕೇಳಲಿಲ್ಲ, ಅಮ್ಮ ಏನೂ ಹೇಳಲಿಲ್ಲ. ಭಾವ ಕೆಳಗೆ ಕಾರ್ಖಾನೆಗೆ ಹೋಗಿ ಒಬ್ಬರೇ ಕಣ್ಣೊರೆಸಿಕೊಂಡರು. ಅಂದಿನಿಂದ ಗಿರಾಕಿಗಳಿಗೆಲ್ಲ ಅವರದು ಒಂದೇ ಮಾತು: "ನಮ್ಮ ಕುಟುಂಬದಲ್ಲೇ ಒಬ್ಬರು ಹಿರಿಯರಿದಾರೆ, ಹೆಸರು ಹೇಳೋ ಹಾಗಿಲ್ಲ. ನಾನು ಕಟ್ಟಿದ ಹಲ್ಲಲ್ಲಿ ಇವತ್ತಿಗೂ ಬಾದಾಮಿ ಒಡೀತಾರೆ. ಬಸ್‌ಸ್ಟ್ಯಾಂಡ್ ಎದುರು ಒಬ್ಬ ಇದಾನಲ್ಲ, ಅವನು ಕಟ್ಟೋದು ಹಲ್ಲಲ್ಲ ಸ್ವಾಮಿ, ಕಾಂಪೌಂಡು."

ಇಷ್ಟು ತಿಳಿದಿರಲಿ. ಈಗ ಕಟಿಂಗ್ ಶಾಪಿಗೆ ಹೋಗೋಣ.

ಆ ದಿನ ಭಾವ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಬ್ಯಾಂಕಿನ ಕ್ಯಾಷಿಯರು ತಮ್ಮ ಡಿಪಾಜಿಟ್ಟಿಗೆ ಬರುವ ಬಡ್ಡಿಯ ಬಗ್ಗೆ ಬಹಳ ಹೊತ್ತಿನಿಂದ ಹೇಳುತ್ತಿದ್ದರು. ಗೋಡೆಯ ಟಿ.ವಿ.ಯಲ್ಲಿ ಕೋಟು ತೊಟ್ಟವನೊಬ್ಬ ಬಿಟ್‌ಕಾಯಿನ್ ಎಂಬ ಕಣ್ಣಿಗೆ ಕಾಣದ ನಾಣ್ಯದ ಬೆಲೆ ಆಕಾಶಕ್ಕೇರಿದೆ ಎಂದು ಕೂಗುತ್ತಿದ್ದ.

"ಇಂಥದ್ದೆಲ್ಲ ಯಾರ ಹತ್ರ ಇರತ್ತೆ ಸಾರ್?" ಎಂದ ಕಟಿಂಗ್ ಶಾಪಿನವನು.

"ನಮ್ಮಂಥೋರ ಹತ್ರ ಇರಲ್ಲ ಬಿಡಪ್ಪ" ಎಂದರು ಕ್ಯಾಷಿಯರು, ಭಾವನ ಕಡೆ ನೋಡಿ.

ಭಾವನಿಗೆ ಆ ನೋಟ ಹಿಡಿಸಲಿಲ್ಲ. ನೊರೆಯ ಒಳಗಿನಿಂದಲೇ, "ನನ್ನ ಹತ್ತಿರ ಹದಿನಾಲ್ಕಿದೆ" ಎಂದರು.

ಕತ್ತಿ ಗಾಳಿಯಲ್ಲೇ ನಿಂತಿತು. ಸುಳ್ಳಲ್ಲ, ಭಾವನ ಹತ್ತಿರ ಹದಿನಾಲ್ಕು ಇತ್ತು. ಹಿಂದೊಮ್ಮೆ ಒಬ್ಬ ಜಾದೂಗಾರ ಅವರ ಬಳಿ ಸೆಟ್ಟು ಕಟ್ಟಿಸಿಕೊಂಡಿದ್ದ. ಬಾಯಿಂದ ಚೆಂಡು ತೆಗೆಯುವ ಆಟದಲ್ಲಿ ಚೆಂಡಿನ ಜೊತೆ ಹಲ್ಲೂ ಬಂದಿದ್ದವಂತೆ. ಕೈಯಲ್ಲಿ ಕಾಸಿಲ್ಲವೆಂದು ಅವನು ಭಾವನ ಕಂಪ್ಯೂಟರಿನಲ್ಲಿ ವ್ಯಾಲೆಟ್ಟು ಎಂಬ ಕಣ್ಣಿಗೆ ಕಾಣದ ಥೈಲಿಯೊಂದನ್ನು ತೆರೆದು, ಅದರಲ್ಲಿ ಹದಿನಾಲ್ಕು ನಾಣ್ಯ ಹಾಕಿ, ಹನ್ನೆರಡು ಇಂಗ್ಲಿಷ್ ಪದಗಳನ್ನು ಹೇಳಿಕೊಟ್ಟು ಹೋಗಿದ್ದ. "ಈ ಹನ್ನೆರಡು ಪದ ಇದೇ ಕ್ರಮದಲ್ಲಿ ನಿಮ್ಮ ಹತ್ತಿರ ಇರೋವರೆಗೆ ಕಂಪ್ಯೂಟರ್ ಸುಟ್ಟುಹೋದರೂ ದುಡ್ಡು ನಿಮ್ಮದೇ ಯಜಮಾನರೇ" ಎಂದಿದ್ದನಂತೆ. ಇಂಥ ಮಾತನ್ನು ನಂಬಿದ್ದೇಕೆ ಎಂದು ಕೇಳಿದರೆ ಭಾವ, "ಅವನ ವಸಡು ನೋಡಬೇಕಿತ್ತು ನೀನು. ಅಂಥ ವಸಡಿನೋರು ಮೋಸ ಮಾಡಲ್ಲ" ಎನ್ನುತ್ತಾರೆ.

ಕಟಿಂಗ್ ಶಾಪಿನವನು ಟಿ.ವಿ. ಹೇಳಿದ ಬೆಲೆಯನ್ನು ಹದಿನಾಲ್ಕರಿಂದ ಗುಣಿಸಲು ಹೊರಟ. ಕಾಗದ ಸಿಗಲಿಲ್ಲ, ಬೆರಳಿಗೆ ನೊರೆ ಬಳಿದುಕೊಂಡು ಕನ್ನಡಿಯ ಮೇಲೇ ಬರೆದ. ಸೊನ್ನೆಗಳು ಕನ್ನಡಿ ದಾಟಿ ಗೋಡೆಗೆ ಹೋದವು. ಮುಂದಿನ ಭಾನುವಾರದವರೆಗೆ ಅವನು ಆ ಕನ್ನಡಿ ಒರೆಸಲೇ ಇಲ್ಲ. ಗಿರಾಕಿಗಳು ಸೊನ್ನೆಗಳ ಸಂದಿಯಲ್ಲಿ ಮುಖ ಹುಡುಕಿಕೊಂಡರು. ಭಾವ ಕಾಸು ಕೊಡಲು ಹೋದರೆ ಅವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, "ನಿಮ್ಮ ಹತ್ರ ಕಾಸು ತಗೊಳ್ಳೋದಾ? ನರಕಕ್ಕೆ ಹೋಗ್ತೀನಿ ನಾನು" ಎಂದ. ಭಾವ ಅರ್ಧ ಗಡ್ಡದಲ್ಲೇ ಎದ್ದು ಬಂದರು. ಉಳಿದರ್ಧದ ನೆನಪು ಇಬ್ಬರಿಗೂ ಬರಲಿಲ್ಲ.

ಆ ಅರ್ಧ ಗಡ್ಡ ಮನೆ ತಲುಪುವಷ್ಟರಲ್ಲಿ ಸುದ್ದಿ ಅವರಿಗಿಂತ ಮೊದಲು ಮೆಟ್ಟಿಲು ಹತ್ತಿತ್ತು. ಎರಡನೇ ಮಹಡಿಯಲ್ಲಿ ಕಟ್ಟಡದ ಸಂಘದ ಅಧ್ಯಕ್ಷರು ಕಾದು ನಿಂತಿದ್ದರು. ಅಧ್ಯಕ್ಷರ ಜೀವನದ ದೊಡ್ಡ ದುಃಖ ನಮ್ಮ ಲಿಫ್ಟು. ಅವರ ಕಬ್ಬಿಣದ ಬೀರುವನ್ನು ಮೇಲೆ ಸಾಗಿಸುವಾಗ ಅದು ಒಂದು ಮತ್ತು ಎರಡನೇ ಮಹಡಿಯ ನಡುವೆ ನಿಂತದ್ದು, ಎರಡು ವರ್ಷವಾದರೂ ಇಳಿದಿಲ್ಲ, ಏರಿಲ್ಲ. ಬೀರು ಒಳಗೇ ಇದೆ. ಅದರಲ್ಲಿ ಅಧ್ಯಕ್ಷರ ಕೋಟು, ಅಧ್ಯಕ್ಷರ ಹೆಂಡತಿಯ ರೇಷ್ಮೆ ಸೀರೆಗಳು ಮತ್ತು ಅವರ ದಾಂಪತ್ಯದ ನೆಮ್ಮದಿ ಇವೆ.

"ನಿಮ್ಮಂಥ ದೊಡ್ಡ ಮನುಷ್ಯರು ಇದೇ ಮೆಟ್ಟಿಲು ಹತ್ತಬೇಕಾ?" ಎಂದರು ಅಧ್ಯಕ್ಷರು ಗದ್ಗದರಾಗಿ.

ದೊಡ್ಡ ಮನುಷ್ಯ ಎಂದು ಭಾವನನ್ನು ಯಾರೂ ಅದುವರೆಗೆ ಕರೆದಿರಲಿಲ್ಲ. ಒಂದು ಮೆಟ್ಟಿಲು ಮೇಲೆ ನಿಂತು ಅವರು ಕೈಯೆತ್ತಿ ಅಭಯ ಕೊಟ್ಟರು. "ಹೊಸ ಲಿಫ್ಟೇ ಹಾಕಿಸೋಣ. ಕನ್ನಡಿ ಇರೋದು. ಖರ್ಚು ನನ್ನದು."

"ಭಾನುವಾರ ಕಂಪನಿಯವರನ್ನ ಅಡ್ವಾನ್ಸಿಗೆ ಬರಹೇಳಲಾ?"

"ಹೇಳಿ!"

ಮನುಷ್ಯ ಕೆಡುವುದು ಇಂಥ ಒಂದೊಂದು ಮಾತಿಗೇ. ಮಾರನೆಯ ದಿನ ಭಾವ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದರು. ಇವನು ಬಹಳ ಮಾತಿನವನು. ಯಾವ ಯಂತ್ರ ಬಿಚ್ಚಿದರೂ ಮೊದಲು ಅದನ್ನು ತಯಾರಿಸಿದವನನ್ನು ಬೈದು ಆಮೇಲೆ ಸ್ಕ್ರೂ ಹುಡುಕುತ್ತಾನೆ. ಕಾರ್ಖಾನೆಯ ಮೂಲೆಯಲ್ಲಿದ್ದ ಆ ಹಳೆಯ ಕಂಪ್ಯೂಟರಿನ ಮುಚ್ಚಳ ತೆಗೆದಾಗ ಒಳಗೆಲ್ಲ ಬಿಳಿ. ಹಲ್ಲಿನ ಅಚ್ಚಿಗೆ ಬಳಸುವ ಪ್ಲಾಸ್ಟರ್ ಪುಡಿ ವರ್ಷಗಟ್ಟಲೆ ಒಳಗೆ ಕೂತು, ತೇವ ಕುಡಿದು, ಗಟ್ಟಿಯಾಗಿತ್ತು. ರಿಪೇರಿಯವನು ಹಾರ್ಡ್ ಡಿಸ್ಕನ್ನು ಎಳೆದ, ಬರಲಿಲ್ಲ. ಭಾವ ತಮ್ಮ ಉಳಿಯಿಂದ ಕೆತ್ತಿಕೊಟ್ಟರು.

"ಸಾರ್, ಇದು ಡಿಸ್ಕಲ್ಲ, ದವಡೆ" ಎಂದ ಅವನು. "ಇದರಿಂದ ಏನೂ ಬರಲ್ಲ. ಆದ್ರೆ ಹೆದರಬೇಡಿ. ಹನ್ನೆರಡು ಪದ ಇರಬೇಕಲ್ಲ? ಅದಿದ್ರೆ ನನ್ನ ಲ್ಯಾಪ್‌ಟಾಪಲ್ಲೇ ವ್ಯಾಲೆಟ್ಟು ತೆಗೆದುಕೊಡ್ತೀನಿ. ನೆನಪಿದೆಯಾ?"

"ಒಂದು ನೆನಪಿದೆ. ಲೆಮನ್."

"ಇನ್ನು ಹನ್ನೊಂದು?"

ಭಾವ ನನ್ನ ರಟ್ಟೆ ಹಿಡಿದು ಹೊರಗೆಳೆದುಕೊಂಡು ಹೋದರು. ಮುಖ ಪ್ಲಾಸ್ಟರಿಗಿಂತ ಬೆಳ್ಳಗಾಗಿತ್ತು.

"ಅದನ್ನ ಯಾರೂ ಕೈ ಹಾಕದ ಜಾಗದಲ್ಲಿ ಇಟ್ಟಿದೀನಿ ಕಣಯ್ಯ" ಎಂದರು.

"ಬ್ಯಾಂಕ್ ಲಾಕರಾ ಭಾವ?"

"ಅದಕ್ಕಿಂತ ಭದ್ರ. ನಿಮ್ಮಮ್ಮನ ಬಾಯಿ."

ವೃದ್ಧಾಶ್ರಮಗಳಿಗೆ ಸೆಟ್ಟು ಕಟ್ಟುವಾಗ ಒಂದು ಪದ್ಧತಿ ಇದೆ. ಲೋಟಗಳಲ್ಲಿಟ್ಟ ಹಲ್ಲು ಅದಲುಬದಲಾಗದಿರಲೆಂದು, ಹೆಸರನ್ನು ತೆಳುವಾದ ಕಾಗದದ ಮೇಲೆ ಸಣ್ಣಕ್ಷರದಲ್ಲಿ ಬರೆದು, ಮೇಲಿನ ಸೆಟ್ಟಿನ ಅಂಗುಳಿನ ಭಾಗದಲ್ಲಿಟ್ಟು, ಅದರ ಮೇಲೆ ಗಾಜಿನಂಥ ಅಕ್ರಿಲಿಕ್ ಎರೆದುಬಿಡುತ್ತಾರೆ. ನೀರು ಹೋಗುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಜಾದೂಗಾರ ಬಂದ ವಾರವೇ ಭಾವ ಅಮ್ಮನ ಸೆಟ್ಟು ಕಟ್ಟುತ್ತಿದ್ದರು. ಕಾಗದ ಸುಡುತ್ತದೆ, ಲಾಕರು ಒಡೆಯುತ್ತಾರೆ, ಆದರೆ ಅಮ್ಮನ ಬಾಯಿಗೆ ಕೈ ಹಾಕುವ ಕಳ್ಳ ಭೂಮಿಯ ಮೇಲಿಲ್ಲ ಎಂದು ಯೋಚಿಸಿ, ಹನ್ನೆರಡು ಪದವನ್ನೂ ಅದರಲ್ಲಿ ಹುದುಗಿಸಿಬಿಟ್ಟಿದ್ದರು. ಬುದ್ಧಿವಂತಿಕೆಗೆ ಕೊರತೆಯಿಲ್ಲ. ಆ ಬಾಯಿಗೆ ತಮ್ಮ ಕೈಯೂ ಹೋಗುವುದಿಲ್ಲ ಎಂಬುದು ಮಾತ್ರ ಆಗ ಹೊಳೆದಿರಲಿಲ್ಲ.

"ಕೇಳಿಬಿಡಿ ಭಾವ. ಕೋಟಿಯ ಮಾತು."

"ಏನಂತ ಕೇಳಲಿ? ಅತ್ತೆ, ನಿಮ್ಮ ಸ್ವಂತ ಹಲ್ಲು ಸ್ವಲ್ಪ ತೆಗೆದುಕೊಡಿ ಅಂತಲಾ?"

ಅಕ್ಕನಿಗೆ ಹೇಳಿ ನೋಡಿದೆವು. ಅವಳು ಸೌಟು ಎತ್ತಿದಳು. "ರೀ, ಅಮ್ಮನ ಹಲ್ಲಿನ ಸುದ್ದಿ ಎತ್ತಿದ್ರೆ ನಿಮ್ಮ ಹಲ್ಲು ನಾನು ಎಣಿಸ್ತೀನಿ. ಅಮ್ಮನ ಮಾನಕ್ಕಿಂತ ಲಿಫ್ಟು ಹೆಚ್ಚಾಯ್ತಾ ನಿಮಗೆ?"

ಭಾನುವಾರ ಹತ್ತಿರ ಬರುತ್ತಿತ್ತು. ಉಪಾಯ ಹುಡುಕಬೇಕಾಯಿತು.

ಭಾವ ಅಂಗಡಿಯಲ್ಲಿ ಸಿಗುವ ಅತ್ಯಂತ ಅಂಟಿನ ಟಾಫಿಗಳನ್ನು ತಂದು ಅಮ್ಮನ ಮುಂದಿಟ್ಟರು. ಒಂದು ಕಚ್ಚಿದರೆ ಸೆಟ್ಟು ಕಳಚಿ ಕೈಗೆ ಬರಲೇಬೇಕು ಎಂಬ ಲೆಕ್ಕ. ಅಮ್ಮ ಪೇಪರ್ ಓದುತ್ತ ಒಂದು ತಿಂದರು. ಇನ್ನೊಂದು ತಿಂದರು. ಕೊನೆಗೆ ಎರಡನ್ನು ಒಟ್ಟಿಗೇ ಹಾಕಿಕೊಂಡು, ಸಂಪಾದಕರ ವ್ಯಾಕರಣ ಸರಿಯಿಲ್ಲ ಎಂದು ಅವನ್ನು ಅಗಿಯುತ್ತಲೇ ಹೇಳಿದರು. ಒಂದು ಹಲ್ಲೂ ಅಲುಗಲಿಲ್ಲ. ನಾನು ತಲೆಯ ಮೇಲೆ ಕೈ ಹೊತ್ತು ಕೂತರೆ, ಭಾವನ ಕಣ್ಣಲ್ಲಿ ನೀರು.

"ನೋಡಿದೆಯಾ ಹಿಡಿತ!" ಎಂದು ಪಿಸುಗುಟ್ಟಿದರು. "ಇಷ್ಟು ವರ್ಷ ಆದ್ಮೇಲೂ! ಇದನ್ನ ಆ ಬಸ್‌ಸ್ಟ್ಯಾಂಡಿನವನು ನೋಡಬೇಕು!"

"ಭಾವ, ಅದು ಬೀಳಬೇಕು ಅಂತ ತಾನೇ ತಂದದ್ದು?"

"ಬೀಳಬೇಕು, ಹೌದು. ಆದ್ರೆ ಹೆಂಗೆ ನಿಂತಿದೆ ನೋಡು!"

ಮರುದಿನ ನಾನು ಹಲ್ಲು ತಲುಪಿಸುವ ಕ್ಲಿನಿಕ್ಕಿನ ಪಕ್ಕದ ಡಾಕ್ಟರನ್ನು ಕರೆತಂದೆವು. ಗಂಟಲು ನೋಡುವ ನೆಪದಲ್ಲಿ ಟಾರ್ಚು ಬಿಟ್ಟು ಅಂಗುಳಿನ ಫೋಟೋ ಹೊಡೆಯಬೇಕೆಂದು ಏರ್ಪಾಡು. ಡಾಕ್ಟರು "ಆ ಅನ್ನಿ" ಎಂದರು.

"ಯಾಕನ್ನಬೇಕು? ಯಾವ ಶಾಲೆ ನಿನ್ನದು?" ಎಂದರು ಅಮ್ಮ.

ದುರದೃಷ್ಟಕ್ಕೆ ಅದು ಅಮ್ಮನದೇ ಶಾಲೆ. ಮುಂದೆ ನಡೆದದ್ದನ್ನು ಬರೆಯುವುದು ವೈದ್ಯಲೋಕಕ್ಕೆ ಗೌರವವಲ್ಲ. ಡಾಕ್ಟರು ತಮ್ಮ ನಾಲಿಗೆ ತೋರಿಸಿದರು, ಉಗುರು ತೋರಿಸಿದರು, ರಾತ್ರಿ ಬೇಗ ಮಲಗುವೆನೆಂದು ಒಪ್ಪಿಕೊಂಡರು, ಫೀಸು ತೆಗೆದುಕೊಳ್ಳದೆ ಇಳಿದು ಹೋದರು.

ಇಷ್ಟೆಲ್ಲ ನಡೆಯುವಾಗ ಕಟ್ಟಡ ಸುಮ್ಮನಿರುತ್ತದೆಯೇ? ಕೋಟ್ಯಧಿಪತಿ ಅಳಿಯ ಹಗಲಿಡೀ ಅತ್ತೆಯ ಸುತ್ತ ಸುಳಿಯುತ್ತಾನೆ, ಟಾಫಿ ತಂದುಕೊಡುತ್ತಾನೆ, ಡಾಕ್ಟರನ್ನು ಕರೆತರುತ್ತಾನೆ. ಅಧ್ಯಕ್ಷರು ಎರಡಕ್ಕೆ ಎರಡು ಕೂಡಿಸಿ, ಆ ಆಸ್ತಿಯೆಲ್ಲ ಅತ್ತೆಯ ಹೆಸರಿನಲ್ಲಿದೆ, ಮುದುಕಿ ಸಹಿ ಹಾಕುತ್ತಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಕೂಡಲೇ ಎಲ್ಲರ ಭಕ್ತಿ ಮೂರನೇ ಮಹಡಿಯ ಕಡೆ ತಿರುಗಿತು. ಅಧ್ಯಕ್ಷರ ಹೆಂಡತಿ ಹಣ್ಣು ತಂದರು. ಕಟಿಂಗ್ ಶಾಪಿನವನು ಬಾಗಿಲಲ್ಲೇ ಚಪ್ಪಲಿ ಬಿಟ್ಟು, "ಅಮ್ಮಾವ್ರು ಆರಾಮಾಗಿದೀರಾ?" ಎಂದು ಯಾವತ್ತೂ ಇಲ್ಲದ ಮೆತ್ತಗಿನ ದನಿಯಲ್ಲಿ ಕೇಳಿದ. ಕ್ಯಾಷಿಯರು ಬಂದು ಅಮ್ಮನ ಕೈ ಹಿಡಿದು, "ಯಾವುದಕ್ಕೂ ಎಲ್ಲ ಪೇಪರು ಒಂದು ಸಲ ಸರಿ ಮಾಡಿಟ್ಟುಬಿಡಿ" ಎಂದು ಹೇಳಿ ಹೋದರು.

ಅಮ್ಮ ಇದನ್ನೆಲ್ಲ ನೋಡಿದರು. ಟಾಫಿ, ಡಾಕ್ಟರು, ಹಣ್ಣು, ಮೆತ್ತಗಿನ ದನಿ, ಪೇಪರು. ಅವರೂ ಎರಡಕ್ಕೆ ಎರಡು ಕೂಡಿಸಿದರು. ಶನಿವಾರ ಸಂಜೆ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು.

"ನಿಜ ಹೇಳೋ. ನನಗೆ ಎಷ್ಟು ದಿನ ಅಂತ ಕೊಟ್ಟಿದಾರೆ?"

"ಏನಮ್ಮ ಎಷ್ಟು ದಿನ?"

"ಮುಚ್ಚಿಡಬೇಡ. ನನ್ನನ್ನ ನೋಡಿ ಆ ಡಾಕ್ಟರು ಬೆವರಿದ. ಫೀಸೂ ತಗೊಂಡಿಲ್ಲ. ಬದುಕೋರ ಹತ್ರ ಯಾವ ಡಾಕ್ಟರು ಫೀಸು ಬಿಡ್ತಾನೆ?"

ನಾನು ಬಾಯಿ ತೆರೆಯುವ ಮುಂಚೆ ಅಮ್ಮ ಕೈಯೆತ್ತಿ ತಡೆದರು. "ಅಳಬೇಡ. ನಾಳೆ ಎಲ್ಲರನ್ನೂ ಕರಿ. ಹೋಗೋ ಮುಂಚೆ ನಾನೊಂದು ವಿಷಯ ಹೇಳಿಬಿಡಬೇಕು."

ಅಳುವ ಯೋಚನೆ ನನಗಿರಲಿಲ್ಲ, ಆದರೂ ಬಿಕ್ಕಿದೆ. ಅಮ್ಮನ ಮಾತು ಮೀರಿ ಅಭ್ಯಾಸವಿಲ್ಲ.

ಭಾನುವಾರ ನಮ್ಮ ನಡುಮನೆ ತುಂಬಿತು. ಅಮ್ಮ ಏನೋ ಘೋಷಿಸುತ್ತಾರಂತೆ ಎಂದಷ್ಟೇ ಕೇಳಿ, ಸಹಿ ಹಾಕುತ್ತಾರೆ ಎಂದು ಇಡೀ ಕಟ್ಟಡ ಅರ್ಥ ಮಾಡಿಕೊಂಡಿತ್ತು. ಅಧ್ಯಕ್ಷರು, ಅವರ ಹೆಂಡತಿ, ಕ್ಯಾಷಿಯರು, ಕಟಿಂಗ್ ಶಾಪಿನವನು, ಲ್ಯಾಪ್‌ಟಾಪ್ ಎದೆಗವಚಿಕೊಂಡ ರಿಪೇರಿಯವನು, ಬಾಗಿಲಲ್ಲಿ ಲಿಫ್ಟ್ ಕಂಪನಿಯವನು. ಭಾವ ಗೋಡೆಗೆ ಒರಗಿ, ಓಡಿಹೋಗಲು ಕಿಟಕಿಯೇ ವಾಸಿಯೋ ಬಾಗಿಲೇ ವಾಸಿಯೋ ಎಂದು ನೋಡುತ್ತಿದ್ದರು. ಹೇಳಿ ಕಳಿಸಿದ್ದರಿಂದ ಡಾಕ್ಟರೂ ಬಂದು, ಉಗುರು ಕತ್ತರಿಸಿಕೊಂಡು, ಮೂಲೆಯಲ್ಲಿ ನಿಂತಿದ್ದರು.

ಅಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದು ಮಧ್ಯದ ಕುರ್ಚಿಯಲ್ಲಿ ಕೂತರು. ಹಾಜರಿ ತೆಗೆದುಕೊಳ್ಳುವವರಂತೆ ಎಲ್ಲರನ್ನೂ ಒಮ್ಮೆ ನೋಡಿದರು.

"ನಾನು ಹೆಚ್ಚು ದಿನ ಇರೋದಿಲ್ಲ ಅಂತ ನಿಮಗೆಲ್ಲ ಗೊತ್ತಿದೆ" ಎಂದರು. ಗೊತ್ತಿಲ್ಲದವರೆಲ್ಲ ಗೊತ್ತಿದ್ದವರಂತೆ ತಲೆ ತಗ್ಗಿಸಿದರು. "ಸುಳ್ಳು ಇಟ್ಕೊಂಡು ಹೋಗೋದು ನನಗಿಷ್ಟ ಇಲ್ಲ. ನನ್ನ ಬಾಯಲ್ಲಿರೋ ಹಲ್ಲು ನನ್ನದಲ್ಲ."

ಅಕ್ಕನ ಕೈಯಿಂದ ಲೋಟ ಬಿತ್ತು. ಮನೆಯ ಸಂವಿಧಾನ ಹಾಡಹಗಲೇ ಹರಿದುಹೋಗಿತ್ತು. ಭಾವ ಮಾತ್ರ ಎದೆ ಸೆಟೆಸಿ ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದರು. ಇಷ್ಟು ವರ್ಷದ ಮೇಲೆ, ಎಲ್ಲರ ಎದುರು, ಕಟ್ಟಿದವರ ಹೆಸರು ಹೇಳುವ ಗಳಿಗೆ!

"ಅಳಿಯಂದಿರೇ" ಎಂದರು ಅಮ್ಮ, ಅವರ ದನಿ ಸಣ್ಣದಾಯಿತು. "ಇವು ನೀವು ಕಟ್ಟಿದ್ದೂ ಅಲ್ಲ."

"ಆಂ?"

"ನೀವು ಡಬ್ಬಿಯಲ್ಲಿಟ್ಟು ಕೊಟ್ಟಿರಲ್ಲ, ಅದನ್ನ ಹಾಕ್ಕೊಳ್ಳೋಕೆ ನೋಡಿದೆ. ಬಾಯಿ ಮುಚ್ಚೋಕೇ ಆಗ್ಲಿಲ್ಲ. ಕುದುರೆಗೂ ದೊಡ್ಡದಾಗ್ತಿತ್ತು. ಹೇಳಿದ್ರೆ ನಿಮಗೆ ಬೇಜಾರಾಗತ್ತೆ ಅಂತ ಹೇಳಲಿಲ್ಲ. ಇವನ್ನ ಬಸ್‌ಸ್ಟ್ಯಾಂಡ್ ಎದುರಿನವನ ಹತ್ರ ನೀವ್ಯಾರೂ ಇಲ್ಲದಾಗ ಹೋಗಿ ಕಟ್ಟಿಸಿಕೊಂಡೆ. ತಪ್ಪಾಯ್ತು."

ಭಾವನ ಮುಖ ನೋಡಲಾಗಲಿಲ್ಲ. ಬಾದಾಮಿ ಒಡೆದದ್ದು ಕಾಂಪೌಂಡು. ಟಾಫಿಗೆ ಜಗ್ಗದೆ ನಿಂತದ್ದು ಕಾಂಪೌಂಡು. ಕಣ್ಣೀರು ಹಾಕಿ ಹೊಗಳಿದ್ದೂ ಕಾಂಪೌಂಡನ್ನೇ. ನಾನು ನನ್ನ ದವಡೆ ಸವರಿಕೊಂಡೆ. ಆ ಕುದುರೆ ಅಳತೆ ನನ್ನದು.

ಆದರೆ ಭಾವನ ತಲೆ ಒಂದು ಗಳಿಗೆ ತಡವಾಗಿ ಓಡಿತು. "ಅತ್ತೆ, ಹಾಗಾದ್ರೆ ನನ್ನ ಸೆಟ್ಟು? ಎಸೆದುಬಿಟ್ರಾ?"

"ಛೆ, ಎಸೀತೀನಾ? ನೀವು ಪ್ರೀತಿಯಿಂದ ಕೊಟ್ಟದ್ದು." ಅಮ್ಮ ಮಡಿಲಿನಿಂದ ಬಿಸ್ಕತ್ತಿನ ಡಬ್ಬಿ ತೆಗೆದರು. "ಹತ್ತಿಯಲ್ಲಿ ಸುತ್ತಿ ಇಟ್ಟಿದೀನಿ."

ಭಾವ ಡಬ್ಬಿ ಕಸಿದು ಮುಚ್ಚಳ ತೆರೆದರು. ಒಂದು ತುತ್ತು ಕಾಣದ, ಒಂದು ಗುಟುಕು ಕಾಫಿ ಕಾಣದ ಸೆಟ್ಟು ನಿನ್ನೆ ಕಟ್ಟಿದಂತೆ ಹೊಳೆಯುತ್ತಿತ್ತು. ಮೇಲಿನದನ್ನು ಮಗುಚಿದರು. ಅಕ್ರಿಲಿಕ್ಕಿನ ಕೆಳಗೆ ಹನ್ನೆರಡು ಪುಟ್ಟ ಸಾಲುಗಳು. "ಇದೆ!" ಎಂದು ಕಿರುಚಿ, ಅಳುತ್ತ ನಗುತ್ತ ಅಲ್ಲೇ ಕುಣಿದರು. ತಮ್ಮ ಕೆಲಸ ಕೆಟ್ಟದ್ದಾಗಿದ್ದಕ್ಕೆ ಇಷ್ಟು ಸಂತೋಷಪಟ್ಟ ಕುಶಲಕರ್ಮಿಯನ್ನು ನಾನು ಬೇರೆ ಕಂಡಿಲ್ಲ.

"ಏನಿದೆ? ಇವರ್ಯಾಕೆ ನಗ್ತಿದಾರೆ? ಸಾಯೋಳ ಮುಂದೆ!" ಎಂದರು ಅಮ್ಮ.

"ಅಮ್ಮ, ನೀನು ಸಾಯಲ್ಲಮ್ಮ!" ಎಂದು ಅಕ್ಕ ತಬ್ಬಿಕೊಂಡಳು.

"ನಿಮಗೇನೂ ಆಗಿಲ್ಲ ಮಿಸ್" ಎಂದರು ಡಾಕ್ಟರು ಮೂಲೆಯಿಂದ. "ಬಿ.ಪಿ. ಬಂದಿರೋದು ನನಗೆ."

ಭಾವ ಜಾದೂಗಾರನಿಂದ ಹಿಡಿದು ಟಾಫಿಯವರೆಗೆ ಎಲ್ಲವನ್ನೂ ಒದರಿದರು. ಅಮ್ಮ ಸಿಟ್ಟಾಗಬೇಕಿತ್ತು. 'ಹನ್ನೆರಡು ಇಂಗ್ಲಿಷ್ ಪದ' ಎಂಬಲ್ಲಿಗೆ ಬಂದಾಗ ಅವರೊಳಗಿನ ಹೆಡ್‌ಮಿಸ್ಟ್ರೆಸ್ ಎದ್ದು ಕೂತರು. ಭಾವನ ಅಕ್ಷರ ಭಾವನಿಗೇ ಓದಲಾಗುತ್ತಿರಲಿಲ್ಲ. ಅಮ್ಮ ಸೆಟ್ಟನ್ನು ಬೆಳಕಿಗೆ ಹಿಡಿದು, ಭೂತಗನ್ನಡಿ ಒಡ್ಡಿ, "ಡಿಕ್ಟೇಶನ್. ಯಾರೂ ಪಕ್ಕದವರದ್ದು ನೋಡಬಾರದು" ಎಂದರು. ರಿಪೇರಿಯವನು ನೆಟ್ಟಗೆ ಕೂತ.

"ಅಂಬ್ರೆಲಾ. ಟೈಗರ್. ಲ್ಯಾಡರ್."

ಅಧ್ಯಕ್ಷರು, ಕ್ಯಾಷಿಯರು, ಲಿಫ್ಟ್ ಕಂಪನಿಯವನು, ಎಲ್ಲರೂ ತುಟಿಯಲ್ಲೇ ಸ್ಪೆಲ್ಲಿಂಗ್ ಹೇಳಿಕೊಂಡರು. ಲೆಮನ್ ಬಂದಾಗ ಭಾವ, "ಅದು ನನಗೆ ಗೊತ್ತಿತ್ತು!" ಎಂದು ಕೂಗಿ ಅಮ್ಮನಿಂದ ಗದರಿಸಿಕೊಂಡರು. ಹನ್ನೆರಡನೆಯದು ಮುಗಿಯಿತು. ರಿಪೇರಿಯವನು ಗುಂಡಿ ಒತ್ತಿದ. ಪರದೆಯ ಮೇಲೆ ಚಕ್ರ ತಿರುಗಿತು.

"ತೆರೀತು!" ಎಂದ. "ಹದಿನಾಲ್ಕು ನಾಣ್ಯ! ಎಲ್ಲ ಇದೆ ಸಾರ್!"

ನಡುಮನೆಯಲ್ಲಿ ಕೇಕೆ ಸಿಡಿಯಿತು. ಅಧ್ಯಕ್ಷರು ಲಿಫ್ಟ್ ಕಂಪನಿಯವನನ್ನು ಎತ್ತಿಕೊಂಡರು. ಕಟಿಂಗ್ ಶಾಪಿನವನು ಭಾವನ ಕಾಲಿಗೆ ಬೀಳಲು ಹೋಗಿ ಕ್ಯಾಷಿಯರ ಕಾಲಿಗೆ ಬಿದ್ದ. ಆ ಗಲಾಟೆಯಲ್ಲಿ ರಿಪೇರಿಯವನು, "ಒಂದ್ ನಿಮಿಷ ಸಾರ್" ಎಂದದ್ದು ಬಹಳ ಹೊತ್ತು ಯಾರಿಗೂ ಕೇಳಿಸಲಿಲ್ಲ.

"ಸಾರ್, ಇದು ಬಿಟ್‌ಕಾಯಿನ್ ಅಲ್ಲ. ಅದರ ಥರದ್ದೇ ಬೇರೆ ಒಂದು. ಆವಾಗ ಇಂಥವು ನೂರಾರು ಹುಟ್ಟಿದ್ವು, ಬಹಳಷ್ಟು ಸತ್ತುಹೋದ್ವು. ಇದು ಇನ್ನೂ ಸತ್ತಿಲ್ಲ." ಅವನು ಲೆಕ್ಕ ಹಾಕಿ, ತನ್ನ ಫೀಸು ಕಳೆದು, ಒಂದು ಮೊತ್ತ ಹೇಳಿದ.

ಭಾವ ಬೆರಳು ಮಡಿಚಿ ಎಣಿಸಿ, ಮೆಲ್ಲಗೆ ಹೇಳಿದರು: "ಇವತ್ತಿನ ರೇಟಲ್ಲಿ ಒಂದು ಸೆಟ್ಟು ಹಲ್ಲಿನ ದುಡ್ಡು." ಆಮೇಲೆ ತಲೆಯೆತ್ತಿ, "ನಾನು ಹೇಳಿರಲಿಲ್ವಾ? ಅಂಥ ವಸಡಿನೋರು ಮೋಸ ಮಾಡಲ್ಲ" ಎಂದರು.

ಮೊದಲು ಕ್ಯಾಷಿಯರು ನಕ್ಕರು. ಆಮೇಲೆ ಕಟಿಂಗ್ ಶಾಪಿನವನು, ಅವನ ಹಿಂದೆ ಅಧ್ಯಕ್ಷರು. "ಕನ್ನಡಿ ಇರೋ ಲಿಫ್ಟಂತೆ!" "ಅತ್ತೇನೇ ನಂಬದ ಕೆಲಸಗಾರ!" "ಕುದುರೆಗೆ ಕಟ್ಟಪ್ಪ ಇನ್ಮೇಲೆ!" ನಗು ಗೋಡೆಗೆ ಬಡಿಯಿತು. ಭಾವ ಸೆಟ್ಟು ಹಿಡಿದುಕೊಂಡು ಮಧ್ಯದಲ್ಲಿ ನಿಂತಿದ್ದರು. ಅಷ್ಟು ಸಣ್ಣದಾಗಿ ಅವರನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ಸೈಲೆನ್ಸ್!"

ನಗು ಅರ್ಧಕ್ಕೇ ಕತ್ತರಿಸಿಹೋಯಿತು. ಅಮ್ಮ ಎದ್ದು ನಿಂತಿದ್ದರು. ಎಲ್ಲರೂ ನೋಡುತ್ತಿದ್ದಂತೆ ಬಾಯಿಗೆ ಕೈ ಹಾಕಿ ಮೇಲಿನ ಸೆಟ್ಟು ತೆಗೆದರು, ಕೆಳಗಿನದನ್ನೂ ತೆಗೆದರು, ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗಿಟ್ಟರು. ಇಷ್ಟು ವರ್ಷ ಹೆತ್ತ ಮಕ್ಕಳಿಗೂ ತೋರಿಸದ ಬರಿ ಬಾಯಿ. ಮಾತುಗಳು ಅಂಚು ಕಳೆದುಕೊಂಡು ಬಂದವು, ಆದರೆ ಒಂದೊಂದೂ ಕೊನೆಯ ಬೆಂಚಿನವರೆಗೆ ಕೇಳಿಸಿತು.

"ಇದನ್ನ ಬಸ್‌ಸ್ಟ್ಯಾಂಡ್ ಎದುರಿನವನಿಗೆ ವಾಪಸ್ ಕೊಟ್ಟು ಬಾ. ಅಳಿಯಂದಿರೇ, ಆ ದುಡ್ಡಲ್ಲಿ ನನಗೊಂದು ಸೆಟ್ಟು ಕಟ್ಟಿ. ಈ ಸಲ ಅಳತೆ ತಗೊಂಡು ಕಟ್ಟಿ. ನೀವೆಲ್ಲ ಯಾಕೆ ನಿಂತಿದೀರಿ? ಕ್ಲಾಸ್ ಮುಗೀತು."

ಎಲ್ಲರೂ ಸಾಲಾಗಿ ಮೆಟ್ಟಿಲಿಳಿದು ಹೋದರು. ಲಿಫ್ಟ್ ಕಂಪನಿಯವನು ಬೀರು ಸಿಕ್ಕಿಬಿದ್ದ ಲಿಫ್ಟಿನ ಮುಂದೆ ನಿಂತು ಅಧ್ಯಕ್ಷರಿಗೆ ಏನೋ ಸಮಾಧಾನ ಹೇಳುತ್ತಿದ್ದದ್ದು ಕೇಳಿಸಿತು. ಕಟಿಂಗ್ ಶಾಪಿನವನು ಸಂಜೆಯೊಳಗೆ ಕನ್ನಡಿ ಒರೆಸಿ, ಅರ್ಧ ಗಡ್ಡದ ಬಾಕಿ ಕೇಳಿ ಕಳಿಸಿದ.

ಮರುದಿನ ಬೆಳಿಗ್ಗೆ ಅಮ್ಮ ಕಾರ್ಖಾನೆಯ ಕುರ್ಚಿಯಲ್ಲಿ ಕೂತರು. ಭಾವ ಕೈ ತೊಳೆದರು, ಒರೆಸಿಕೊಂಡರು, ಮತ್ತೆ ತೊಳೆದರು. ಆಮೇಲೆ ಗುಲಾಬಿ ಹಿಟ್ಟು ಕಲಸಿದರು.

"ಆ... ಅನ್ನಿ ಅತ್ತೆ."

ಅಮ್ಮ ಕಣ್ಣು ಮುಚ್ಚಿ ಬಾಯಿ ತೆರೆದರು. ಭಾವ ಅಳತೆಯ ಟ್ರೇ ಒಳಗಿಟ್ಟು ಬೆರಳಲ್ಲಿ ಒತ್ತಿ ಹಿಡಿದರು. ಅಮ್ಮನಿಗೆ ಮಾತಾಡಲು ಆಗುವಂತಿರಲಿಲ್ಲ. ಭಾವನಿಗೆ ಅದು ಹೊಳೆದದ್ದು ಮುಖದಲ್ಲೇ ಕಂಡಿತು.

"ಅತ್ತೆ, ಮದುವೆ ದಿನದಿಂದ ನಿಮಗೊಂದು ಮಾತು ಹೇಳಬೇಕು ಅಂತಿದ್ದೆ" ಎಂದು ಶುರು ಮಾಡಿದರು. ವಾಕ್ಯ ಪೂರ್ತಿಯಾಯಿತು. ಯಾರೂ ತಿದ್ದಲಿಲ್ಲ. ಧೈರ್ಯ ಬಂದು ಇನ್ನೊಂದು ಹೇಳಿದರು. ಡಾಕ್ಟರು ಕೀಳುವವರು, ನಾವು ಕಟ್ಟುವವರು ಎಂಬುದನ್ನೂ ವಿವರಿಸಿ, ಯಾರು ದೊಡ್ಡವರೆಂದು ಕೇಳಿದರು. ಅಮ್ಮ ಕಣ್ಣು ಮುಚ್ಚಿಕೊಂಡೇ, ಬೆರಳೆತ್ತಿ ಭಾವನ ಕಡೆ ತೋರಿಸಿದರು.

ಹಿಟ್ಟು ಗಟ್ಟಿಯಾಗಿ ಬಹಳ ಹೊತ್ತಾಗಿತ್ತು. ಅದು ನನಗೆ ಗೊತ್ತಿತ್ತು, ಭಾವನಿಗೆ ಗೊತ್ತಿತ್ತು, ಆಮೇಲೆ ತಿಳಿದಂತೆ ಅಮ್ಮನಿಗೂ ಗೊತ್ತಿತ್ತು. ಆದರೂ ಭಾವ ತೆಗೆಯಲಿಲ್ಲ, ಅಮ್ಮ ತೆಗೆಯೆಂದು ಸನ್ನೆ ಮಾಡಲಿಲ್ಲ. ಭಾವ ಮಾತಾಡುತ್ತಲೇ ಇದ್ದರು.